ಕಡೆಯ ನುಡಿಯಿಲ್ಲದ ಕರೆ

ಇಮೆಲ್ಡಾ,

ಬಂದ ಕೂಡಲೇ ಇದನ್ನು ಓದು. ಸಮುದ್ರದ ಕಡೆಯ ಬಾಗಿಲು ತೆಗೆಯಬೇಡ. ತಮ್ಮನನ್ನು ಅತ್ತೆಯ ಮನೆಯಲ್ಲಿ ಬಿಟ್ಟಿದ್ದೇನೆ, ಎಷ್ಟೇ ಅತ್ತರೂ ಈಜಲು ಕಳಿಸಬೇಡ. ಗೆಣಸು ಬೇಯಿಸಿಟ್ಟಿದೆ.

ಬೆಳಿಗ್ಗೆಯಿಂದ ನಮ್ಮ ಮನೆಯೆದುರು ಮೊಣಕಾಲುದ್ದ ನೀರಿನಲ್ಲಿ ಶಾರ್ಕುಗಳು ನಿಂತಿವೆ. ಮೀನು ಹಿಡಿಯುತ್ತಿಲ್ಲ, ಸುತ್ತುತ್ತಿಲ್ಲ, ಮನೆಯತ್ತ ಮೂತಿಯಿಟ್ಟು ಸುಮ್ಮನೆ ನಿಂತಿವೆ. “ಸಲೋಮೆ, ನಿನ್ನ ಮಗಳ ವಿಡಿಯೋ ನೋಡಿ ಗಿರಾಕಿಗಳು ಬಂದ್ರು ನೋಡೇ!” ಎಂದು ಪಕ್ಕದ ಮನೆಯ ಆಗ್ನೆಸ್ ನಕ್ಕಳು. ಆಮೇಲೆ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟು ಒಳಗೋಡಿ ಬಾಗಿಲು ಹಾಕಿಕೊಂಡಳು.

ಪ್ರವಾಸಿಗಳು ಅಪ್ಪನ ದೋಣಿ ಹತ್ತಲಿ ಎಂದು ನೀನು ಮಾಡಿದ ಆ ವಿಡಿಯೋದಲ್ಲಿ ಅಪ್ಪ ಚಿಪ್ಪಿನ ಗಿಲಕಿ ಅಲ್ಲಾಡಿಸಿ ಶಾರ್ಕನ್ನು ಹಾಡಿ ಕರೆಯುವುದೆಲ್ಲ ಇದೆ, ಹಾಡಿನ ಕಡೆಯ ನುಡಿ ಮಾತ್ರ ಇಲ್ಲ. ನಾನು ಅಂದೇ ಕೇಳಿದ್ದಕ್ಕೆ “ಅಷ್ಟುದ್ದ ಯಾರು ನೋಡ್ತಾರಮ್ಮಾ, ಕತ್ತರಿಸಿಬಿಟ್ಟೆ” ಅಂದೆ ನೀನು. ಮಗಳೇ, ಅವನ್ನು ಹಿಂದಕ್ಕೆ ಕಳಿಸುವುದು ಆ ನುಡಿಯೇ. ಬಾ ಎಂದು ಕರೆದವರು ಹೋಗಿ ಬಾ ಎನ್ನಬೇಡವೇ?

ನಿನ್ನ ಫೋನನ್ನು ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿಟ್ಟೆ. ಆದರೂ ಶಾರ್ಕುಗಳು ಬರುತ್ತಲೇ ಇವೆ. ಆ ವಿಡಿಯೋವನ್ನು ಯಾವ ದೇಶದಲ್ಲಿ ಯಾರು ಹಾಕಿಕೊಂಡು ಕೇಳುತ್ತಿದ್ದಾರೋ! ಮೊದಲು ಅದನ್ನು ಅಳಿಸು.

ನಸುಕಿನಲ್ಲಿ ಶಾರ್ಕು ಹಿಡಿಯಲು ಹೋದ ಅಪ್ಪ, ಅವೆಲ್ಲ ಇಲ್ಲೇ ಇರುವಾಗ, ಇನ್ನೇನು ಬರಿಗೈಯಲ್ಲಿ ಮರಳುತ್ತಾರೆ. ದೋಣಿಯಿಂದ ಇದೇ ನೀರಿಗೆ ಇಳಿಯಬೇಕು. ಆ ನುಡಿಯನ್ನು ಹೆಂಗಸರು ಹೇಳುವಂತಿಲ್ಲ. ಆದರೆ ಹುಟ್ಟಿದಾಗಿನಿಂದ ಕೇಳಿದ್ದೇನೆ, ಒಂದಕ್ಷರ ಮರೆತಿಲ್ಲ. ದೇವರು ಕ್ಷಮಿಸಲಿ, ದಡಕ್ಕೆ ಹೋಗಿ ಹೇಳುತ್ತೇನೆ.

ನನ್ನ ದನಿ ಕೇಳುವಷ್ಟು ಹೊತ್ತೂ ಹೊರಗೆ ಬರಬೇಡ. ನಿಂತುಹೋದರೂ ಬರಬೇಡ.

ಅಮ್ಮ