ಗೆರೆಯಿಲ್ಲದ ಜೂಮೊ

ಮಾರ್ಚ್ ೬, ೨೦೦೬

ಮತ್ತೆ ಮಿರಜ. ಮತ್ತೆ ಆಸ್ಪತ್ರೆಯ ಅದೇ ಬೆಂಚು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿ ಕೆದರಿದ ಹಾಗಿದೆ. ಇರಲಿ, ಯಾರು ಓದಬೇಕು ಇದನ್ನು. ಲಕವಾ ಹೊಡೆದ ಮೇಲೆ ಬಲಗೈ ಈಗೀಗ ಏಳುತ್ತದೆ. ಬೆರಳು ಮಾತ್ರ ಮಾತು ಕೇಳುವುದಿಲ್ಲ.

ಥೆರಪಿಯ ಸ್ವಪ್ನಾಲಿ ಇವತ್ತು ಝೆರಾಕ್ಸ್ ಹಾಳೆ ಕೊಟ್ಟಳು. ಬಣ್ಣ ತುಂಬಬೇಕಂತೆ. ಚಿತ್ರ — ಜೂಮೊ. ಟಿವಿಯ ಜಪಾನಿ ಕಾರ್ಟೂನ್ ಪೋರ. ಅವನನ್ನು ನೋಡದೆ ನನ್ನ ಮೊಮ್ಮಗಳು ಬ್ರಾಹ್ಮಿಗೆ ತುತ್ತು ಇಳಿಯುವುದಿಲ್ಲ. ಹಾಳೆ ಮೂರು ಥರ. ೩–೪ ವರ್ಷದವರಿಗೆ ಬರೀ ದೊಡ್ಡ ತಲೆ, ಹಗ್ಗದಷ್ಟು ದಪ್ಪ ಗೆರೆ. ೫–೭ಕ್ಕೆ ಕೈಕಾಲು, ಬೆನ್ನಿಗೆ ಚೀಲ. ೮–೧೦ಕ್ಕೆ ಒಂದೊಂದು ಕೂದಲು, ಬೂಟಿನ ಲೇಸು. ನನಗೆ ಸಿಕ್ಕಿದ್ದು ೩–೪. ಸಾಂಗಲಿಯ ಅರ್ಧ ಪೇಟೆಯ ಬೋರ್ಡು ಬರೆದವನು ನಾನು, ಭೂಪಾಲ ಪೇಂಟರ್!

ಮಾರ್ಚ್ ೧೪

ಜಗಳ. ಬಣ್ಣ ಗೆರೆ ದಾಟಿತೆಂದು ಸ್ವಪ್ನಾಲಿ ಫೇಲ್ ಮಾಡಿದಳು.

“ದಾಟೂದ ಬೇಕವಾ,” ಅಂದೆ. “ನಮ್ಮ ಧಂದೇದಾಗ ಮೊದಲ ಬಣ್ಣಾ ಬಡೀತೇವಿ, ಢಿಲಾ ಬಿಟ್ಟು. ಗೆರಿ ಕಡೀಕ. ಗೆರಿ ಬಂದ ಮ್ಯಾಲೆ ಎಲ್ಲಾ ಸಾಫ್ ಆಗ್ತದ.”

“ಇಲ್ಲೆ ಗೆರಿ ಮೊದಲ ಅದ ಅಲ್ರಿ, ಕಾಕಾ.”

“ಅದು ನಂದಲ್ಲ.”

ನಕ್ಕಳು. ಪಾಸು ಮಾಡಲಿಲ್ಲ. ಮನೆಗೆ ಬಂದು ಇಂದುಬಾಯಿಗೆ ಹೇಳಿದೆ. ಹೆಂಡತಿಗೆ ನಗು ಬರಲಿಲ್ಲ. ಅನ್ನ ಕಲೆಸಿ, ತಟ್ಟೆ ಎಡಗೈ ಕಡೆಗೆ ಸರಿಸಿದಳು.

ಏಪ್ರಿಲ್ ೨

ರಾವಸಾಬ ಬಂದಿದ್ದರು. ಕುಪವಾಡ ರೋಡಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ತೆಗೆಯುತ್ತಿದ್ದಾರೆ. ಮೊನ್ನೆಮೊನ್ನೆಯವರೆಗೆ ಅಲ್ಲಿ ಜೋಳ ಇತ್ತು, ಈಗ ಪ್ಲಾಟು, ಮೊಬೈಲ್ ಟವರು. ಬಾಲವಾಡಿ ಗೋಡೆಗೆ ಆಳೆತ್ತರದ ಜೂಮೊ ಬೇಕಂತೆ. ಜೂನ್ ೧೨ಕ್ಕೆ ಉದ್ಘಾಟನೆ.

“ಭೂಪಾಲಣ್ಣಾ, ನಿಮ್ಮ ಕೈಲೆ ಆಗ್ತದೇನ್ರಿ? ಇಲ್ಲಾಂದ್ರ ಫ್ಲೆಕ್ಸ್ ಹಾಕಸ್ತೇನಿ. ಒಂದ ತಾಸಿನ ಕೆಲಸ.”

“ಫ್ಲೆಕ್ಸ್ ಎರಡ ಬ್ಯಾಸಗಿ ಬಾಳಂಗಿಲ್ಲ. ನಾ ಮಾಡ್ತೇನಿ.”

ಒಳಗೆ ಇಂದುಬಾಯಿ ಪಾತ್ರೆ ಕುಕ್ಕಿದ ಸದ್ದು. ಕುಕ್ಕಲಿ. ಈ ಗೋಡೆ ಮುಗಿಸಿದರೆ ನಾನು ಮತ್ತೆ ಪೇಂಟರ್. ಇಲ್ಲದಿದ್ದರೆ... ಬರೆಯುವುದಿಲ್ಲ.

ಏಪ್ರಿಲ್ ೨೫, ಸಂಜೆ

೫–೭ಕ್ಕೆ ಬಡ್ತಿ! ಅರ್ಧ ಪಾಸು, ಅರ್ಧ ಸ್ವಪ್ನಾಲಿಯ ದಯೆ.

ಸಂಜೆ ಹೊತ್ತು ನಾನೂ ಬ್ರಾಹ್ಮಿಯೂ ಚಾಪೆ ಮೇಲೆ. ಅವಳಿಗೆ ಇನ್ನೂ ನಾಲ್ಕು, ಹಾಗಾಗಿ ಅವಳದು ೩–೪ರ ಪುಸ್ತಕ. ನನ್ನ ಹಾಳೆಗೆ ಇಣುಕಿ, “ಆಜೋಬಾ, ಬಾಹೇರ ಗೇಲಂ!” ಎಂದು ಮರಾಠಿಯಲ್ಲಿ ಗದರುತ್ತಾಳೆ. ಹೊರಗೆ ಹೋಯಿತಂತೆ. ಅವಳಿಗೂ ಹೇಳಿದೆ, ಗೆರೆ ಕೊನೆಗೆ ಅಂತ. ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಹೇಳುವಾಗ ಧೈರ್ಯ ಬರುತ್ತದೆ. ಬೆರಳು ನೋಡಿಕೊಂಡರೆ ಹೋಗುತ್ತದೆ.

ಮೇ ೨೮

ಗೋಡೆಗೆ ಬಣ್ಣ ಆಯಿತು. ಎಲ್ಲಾ ಎಡಗೈಯಲ್ಲೇ. ಈಗ ಬರೀ ಹಳದಿ, ಕೆಂಪು, ನೀಲಿ ಮುದ್ದೆ. ರಾವಸಾಬ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. “ಗೆರಿ ಬರ್ಲಿ, ಆಮ್ಯಾಲೆ ನೋಡ್ರಿ,” ಅಂದೆ. ಗೆರೆ ಬಲಗೈಯದೇ ಕೆಲಸ. ಎಡಗೈಗೆ ಅದು ಗೊತ್ತಿಲ್ಲ, ಕಲಿಸುವಷ್ಟು ಆಯಸ್ಸೂ ನನಗಿಲ್ಲ.

ಜೂನ್ ೯

ಇಂದುಬಾಯಿ ನನ್ನ ಜೊತೆ ಶಾಲೆಗೆ ಬಂದಳು. ಬ್ರಶ್ಶನ್ನು ಬಲಗೈ ಬೆರಳಿಗೆ ಬಟ್ಟೆಯಿಂದ ಕಟ್ಟಿದಳು. ಕೆನ್ನೆಯಿಂದ ಶುರು ಮಾಡಿದೆ, ಅಲ್ಲಿ ಗೆರೆ ಸುಲಭ. ಬ್ರಶ್ ಗೋಡೆ ಮುಟ್ಟಿತು. ಅಷ್ಟೇ. ಕೈ ತಾನಾಗಿ ಜಾರಿತು. ಕಪ್ಪು ಬಣ್ಣ ಗದ್ದದವರೆಗೆ ಇಳಿಯಿತು. ಒರೆಸಿ ಮತ್ತೆ ಎಳೆದೆ. ಮತ್ತೆ ಜಾರಿತು. ಒರೆಸಿ ಒರೆಸಿ ಜೂಮೊನ ಮುಖವೆಲ್ಲ ಮಸಿ.

“ಸಾಕ್ರಿ,” ಅಂದಳು ಇಂದು. “ಮನೀಗೆ ಹೋಗೂಣು.”

ಬಟ್ಟೆಯ ಗಂಟನ್ನು ಅವಳೇ ಬಿಚ್ಚಿದಳು. ಇಷ್ಟು ದಿನ ಗೆರೆ ಕೊನೆಗೆ, ಗೆರೆ ಕೊನೆಗೆ ಎಂದು ಎಲ್ಲರ ಕಿವಿ ತಿಂದೆ. ನಾಚಿಕೆಯಾಗುತ್ತಿದೆ.

ಜೂನ್ ೧೨

ನನ್ನ ಜೂಮೊನ ಮೇಲೆಯೇ ಫ್ಲೆಕ್ಸ್ ಬಡಿದಿದ್ದಾರಂತೆ. ಮಗ ಸಂಮೇದ ಬ್ರಾಹ್ಮಿಯನ್ನು ಕರೆದುಕೊಂಡು ಹೋಗಿದ್ದ. ನಾನು ಹೋಗಲಿಲ್ಲ. ಅವಳು ಜೂಮೊನನ್ನು ನೋಡಿ ಕುಣಿದಳಂತೆ. ನಮ್ಮ ಅಜ್ಜ ಮಾಡಿದ್ದು ಎಂದು ಬಂದವರಿಗೆಲ್ಲ ತೋರಿಸಿದಳಂತೆ.

“ಅಲ್ಲ ಅನ್ಲಿಲ್ಲೇನೊ ನೀ?” ಅಂತ ಕೇಳಿದೆ.

“ಹ್ಯಾಂಗ ಅನ್ಲಿ, ಅಪ್ಪಾ?”

ಆಗಸ್ಟ್ ೨೦

ಮಿರಜಕ್ಕೆ ಹೋಗುವುದು ಬಿಟ್ಟೆ. ಸ್ವಪ್ನಾಲಿ ಫೋನ್ ಮಾಡಿದ್ದಳು, ನಾನು ಮಾತಾಡಲಿಲ್ಲ. ಮಲಗುತ್ತೇನೆ, ಏಳುತ್ತೇನೆ. ಸಾಕಾಗಿದೆ. ಇಂದುವಿಗೆ ಹೇಳಲಾರೆ, ಇಲ್ಲಿ ಬರೆಯುತ್ತೇನೆ — ಸಾಕಾಗಿದೆ.

ಇವತ್ತು ಬ್ರಾಹ್ಮಿಗೆ ಐದು ತುಂಬಿತು. ಸಂಮೇದ ೫–೭ರ ಹೊಸ ಪುಸ್ತಕ ತಂದ. ಅವಳು ಹಳೆಯದನ್ನು ತಂದು ನನ್ನ ತೊಡೆ ಮೇಲೆ ಇಟ್ಟಳು.

“ಅಜ್ಜಾ, ಇದು ನಿನಗ. ನಾ ಈಗ ದೊಡ್ಡಾಕಿ.”

ಕನ್ನಡದಲ್ಲಿ ಹೇಳಿದಳು, ನನಗಾಗಿ. ಮನೆಯವರಿಗೆಲ್ಲ ನಗು. ಇಂದುಬಾಯಿ ಒಳಗೆ ಎದ್ದು ಹೋದಳು. ಬ್ರಾಹ್ಮಿ ಬಲಗೈಗೆ ಕ್ರೇಯಾನ್ ಸಿಕ್ಕಿಸಿ, ಮೇಲೆ ತನ್ನ ಪುಟ್ಟ ಕೈ ಇಟ್ಟು ಒತ್ತಿ ಹಿಡಿದಳು. “ಹಿಂಗ, ಅಜ್ಜಾ.” ಎಳೆದಳು. ದಪ್ಪ ಗೆರೆಯ ಒಳಗೊಳಗೇ ಹೋಯಿತು. ಎಲ್ಲೂ ದಾಟಲಿಲ್ಲ. ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಟಿವಿಯಲ್ಲಿ ಜೂಮೊ ಬಂದ. ಕೈ ಬಿಟ್ಟು ಓಡಿದಳು. ಕ್ರೇಯಾನ್ ಅಲ್ಲೇ ನಿಂತಿತು. ಕರೆಯಬೇಕು ಅನ್ನಿಸಿತು — ಬ್ರಾಹ್ಮೀ, ಇನ್ನೊಮ್ಮೆ ಹಿಡಿಯವಾ, ಇನ್ನೊಂದೇ ಸಲ... ಬಾಯಿ ತೆರೆದೆ. ಅವಳು ತಿರುಗಿ ನೋಡಿ, “ಈಗ ನೀನ ತುಂಬು, ಅಜ್ಜಾ. ಹೊರಗ ಹೋಗಬ್ಯಾಡ!” ಅಂದಳು.