ಗೋಡೆ ನೋಡುತ್ತಿದ್ದ ವರ

ತೆಲಿಗಿ
9 ಫೆಬ್ರವರಿ 2025, ಭಾನುವಾರ

ನನ್ನ ಮುಸ್ಕಾನ್,

ಮೊದಲು ಕೂತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿಬಿಡು. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಕಿರುಚಿ ಕಥೆ ಕೆಡಿಸುತ್ತೀಯ, ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಮೊಣಕಾಲ ಮೇಲೆ ಇಟ್ಟು ಬರೆಯುತ್ತಿದ್ದೇನೆ!

ಹೋದ ವಾರ ನನ್ನನ್ನು ನೋಡಲು ಬಂದಿದ್ದರಲ್ಲ, ಹಡಗಲಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಮೈಲಾರೇಶ್? ನಾನು ಬಾಯಿ ತೆರೆದಾಗಲೆಲ್ಲ ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು ಎಂದು ಅವತ್ತೇ ನಿನಗೆ ಫೋನ್ ಮಾಡಿ ಅತ್ತಿದ್ದೆ.

ಅವರ ಗಾಡಿ ಓಣಿ ದಾಟುವ ಮೊದಲೇ ನಮ್ಮ ಮನೆಯಲ್ಲಿ ಪಂಚಾಯಿತಿ ಶುರುವಾಗಿತ್ತು. ಅಪ್ಪ ಜೀವನವಿಡೀ ಬಸ್ ಕಂಡಕ್ಟರ್ ಆಗಿದ್ದವರು. “ಟಿಕೇಟ್ ತಗೊಳ್ಳದವ್ರು ಹಿಂಗ ಕಿಟಕಿ ಕಡಿ ಮುಖ ಮಾಡ್ತಾರ. ಇವ ಏನೋ ಮುಚ್ಚಿಟ್ಟಾನ,” ಅಂದರು. ಅವ್ವನಿಗೆ ಮನುಷ್ಯ ಗೊತ್ತಾಗುವುದು ತಟ್ಟೆಯ ಮುಂದೆ. “ಇನ್ನೊಂದು ಸೌಟು ಉಪ್ಪಿಟ್ಟು ಹಾಕ್ಲೇನಪಾ ಅಂದ್ರ ಹೂಂ ಇಲ್ಲ, ಊಹೂಂ ಇಲ್ಲ. ಸೊಕ್ಕು,” ಅಂದಳು. ನೀನಂತೂ, ಓಡಿ ಹೋಗಿ ಮದುವೆಯಾದ ಮಹಾತಾಯಿ, ಫೋನಿನಲ್ಲೇ “ಅವನ ಮನಸ್ನಾಗ ಬ್ಯಾರೆ ಹುಡುಗಿ ಅದಾಳ, ಬರ್ದಿಟ್ಕೋ,” ಅಂದೆ.

ನನಗೆ ಅನುಮಾನವೇ ಇರಲಿಲ್ಲ. ನನ್ನ ಬಣ್ಣ. ಹರಪನಹಳ್ಳಿಯ ಸ್ಟುಡಿಯೋದಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಜನರ ಮುಖ ಬಿಳಿ ಮಾಡುವುದೇ ನನ್ನ ಕೆಲಸ. “ಇನ್ನೊಂಚೂರು ಬೆಳ್ಳಗ ಮಾಡ್ರಿ” ಅನ್ನದ ಗಿರಾಕಿ ಇಲ್ಲ. ಹಿಂದೆ ಬಂದ ಸಂಬಂಧಗಳೂ ಅದಕ್ಕೇ ತಪ್ಪಿದ್ದು. ಇವರೂ ಕಪ್ಪು ಹುಡುಗಿಯನ್ನು ನೋಡಲಾರದೆ ಗೋಡೆ ನೋಡಿದರು ಅಂತ ತೀರ್ಮಾನ ಮಾಡಿಬಿಟ್ಟೆ.

ಅಪ್ಪ ಬೇಡವೆಂದು ಹೇಳಿ ಕಳಿಸುವುದಾಗಿ ಮಾತಾಯಿತು. ಮುಗಿದುಹೋಗುತ್ತಿತ್ತು, ಲೇ! ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಗುರುವಾರ ಮದುವೆ ಆಲ್ಬಮ್ ಕೊಟ್ಟು ಬರಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಹಡಗಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ.

ಗಿರಣಿ ಓಡುತ್ತಿತ್ತು. ಅವರು ಹಿಟ್ಟು ಬೀಳುವಲ್ಲಿ ಬಗ್ಗಿ ನಿಂತಿದ್ದರು, ಹುಬ್ಬೆಲ್ಲ ಬೆಳ್ಳಗೆ. ನಾನು ಸೀದಾ ಪಕ್ಕಕ್ಕೆ ಹೋಗಿ ಶುರುಮಾಡಿದೆ. “ಕಪ್ಪು ಹುಡುಗಿ ಬ್ಯಾಡಾದ್ರ ಬಾಯಿ ಬಿಟ್ಟು ಹೇಳ್ರಿ! ಮನಿಗೆ ಬಂದು, ಚಾ ಕುಡಿದು, ಮುಖ ತಿರುವೋದು ಯಾವ ದೊಡ್ಡಸ್ತಿಕಿ?” ಇನ್ನೂ ಏನೇನೋ ಅಂದೆ. ಅವರು ತಲೆ ಎತ್ತಲಿಲ್ಲ. ಹಿಟ್ಟು ಮುಟ್ಟಿ ನೋಡುತ್ತಲೇ ಇದ್ದರು! ನನಗೆ ಅಳುವೇ ಬಂತು. ಜೋಳದ ಡಬ್ಬಿ ಹಿಡಿದು ಕಾಯುತ್ತಿದ್ದ ಒಬ್ಬ ಅಜ್ಜಿ, ಜಂಬಮ್ಮ ಅಂತ ಅವರ ಹೆಸರು, ನನ್ನ ಕೈ ಹಿಡಿದು ಎಳೆದರು.

“ಆ ಕಿವಿ ಕೇಳಂಗಿಲ್ಲವ್ವಾ ಅವಂಗ. ಈ ಕಡಿ ಬಂದು ಬೈಯಿ.”

ಮುಸ್ಕಾನ್, ಆ ಗಳಿಗೆಯಲ್ಲಿ ನನ್ನ ಮುಖ ಹೇಗಿತ್ತೋ! ಅಜ್ಜಿ ಅವರ ಬೆನ್ನು ತಟ್ಟಿದರು. ಅವರು ನನ್ನನ್ನು ಕಂಡು ಬೆಚ್ಚಿ, ಗಿರಣಿ ನಿಲ್ಲಿಸಿ, “ಏನಂದ್ರಿ?” ಎಂದು ಕೇಳಿ ಮುಖ ತಿರುಗಿಸಿದರು. ಅದೇ ತಿರುಗಿಸುವುದು. ಬಲಗಿವಿ ಪೂರ್ತಿ ನನ್ನ ಕಡೆಗಿತ್ತು. ನಮ್ಮ ಮನೆಯಲ್ಲೂ ಅವರು ಗೋಡೆ ನೋಡುತ್ತಿರಲಿಲ್ಲ ಕಣೇ, ನನ್ನ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು!

ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಿವಿ ಹೋಯಿತಂತೆ. ಅದನ್ನು ಮೊದಲೇ ತಿಳಿಸಲು ಸಂಬಂಧ ತಂದ ಅಂಜಿನೇಯಲುಗೆ ಹೇಳಿದ್ದರಂತೆ. ಆ ಮನುಷ್ಯ ಮಾತು ಮುರಿಯುತ್ತದೆಂದು ನುಂಗಿಬಿಟ್ಟಿದ್ದಾನೆ. “ನಿಮ್ಮಪ್ಪಾರು ಒಂದು ನಮೂನಿ ನೋಡ್ತಿದ್ರು. ಕಿವುಡ ಅಳಿಯ ಬ್ಯಾಡ ಅಂತ ಆಗ್ಲೇ ಅಂದ್ಕೊಂಡಾರ ಅನ್ಸಿತ್ರಿ,” ಅಂದರು. ಯಾರು ಹುಬ್ಬು ಗಂಟಿಕ್ಕಿದರೂ ಅವರಿಗೆ ಅದು ತಮ್ಮ ಕಿವಿಗೇ ಅನಿಸುತ್ತದಂತೆ. ನನಗೆ ಬಣ್ಣ, ಅವರಿಗೆ ಕಿವಿ! ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಜಂಬಮ್ಮಜ್ಜಿ ಮಾತ್ರ, “ನಗಾದು ಆಮ್ಯಾಲೆ, ನನ್ನ ಜ್ವಾಳ ಹಾಕು,” ಅಂದರು.

ಮನೆಗೆ ಬಂದು ಎಲ್ಲ ಒಪ್ಪಿಸಿಬಿಟ್ಟೆ. ಸುಳ್ಳು ಹೇಳಿ ಹೋದದ್ದಕ್ಕೆ ಅವ್ವ ಬೈದಳು, ಆಮೇಲೆ ಹಣೆ ಚಚ್ಚಿಕೊಂಡು, “ಅಯ್ಯ, ನಾ ಎಡಕ್ಕ ನಿಂತು ಕೇಳೀನಿ. ಹುಡುಗ ಅರೆಹೊಟ್ಟೀಲಿ ಹೋಗ್ಯಾನ!” ಎಂದು ಮರುಗಿದಳು. ಅಪ್ಪ ಎದ್ದು ಬಾಗಿಲ ತನಕ ಹೋಗಿ ಬಂದರು. ಕಿವಿಯ ಚಿಂತೆಯೇನೋ ಅಂದುಕೊಂಡೆ. ಕೊನೆಗೆ ಕೇಳಿದ್ದು ಇಷ್ಟೇ: “ಹಂಗಾದ್ರ ಎಡಕ್ಕ ಕುಂತು ನಾ ಹೇಳಿದ ಬಸ್ಸಿನ ಕಥಿ ಒಂದೂ ಅವಂಗ ಕೇಳಿಲ್ಲೇನು?”

ನೀನು ಸಂಭ್ರಮ ಪಡುವಂಥದ್ದು ಇನ್ನೂ ಏನೂ ಆಗಿಲ್ಲ. ನಾನಂತೂ ಅವಸರ ಮಾಡುತ್ತಿಲ್ಲ. ನಿನ್ನ ಅತ್ತೆ ಪೀರ್ ಬೀ ಅವರಿಗೆ ನನ್ನ ಸಲಾಮು ಹೇಳು.

ಕುಣಿಯುತ್ತಿರುವ ನಿನ್ನ
ಶಾಂಭವಿ

ಮ.ಬಿ.: ಏನೂ ಆಗಿಲ್ಲ ಅಂದದ್ದು ಸುಳ್ಳು! ಈ ಕಾಗದ ತಂದುಕೊಟ್ಟವರು ಅಂಚೆಯವರಲ್ಲ, ಅವರೇ. ಅಪ್ಪ ಹೇಳಿ ಕಳಿಸಿದ್ದಕ್ಕೆ ಇವತ್ತು ಬೆಳಿಗ್ಗೆ ತಮ್ಮ ಅಮ್ಮನನ್ನು ಕರೆದುಕೊಂಡು ಬಂದರು, ಮಧ್ಯಾಹ್ನವೇ ಎಲೆ ಅಡಿಕೆ ಬದಲಾಯಿತು. ಅವರು ಅಪ್ಪನ ಹತ್ತಿರ ಸಿಕ್ಕಿಕೊಂಡಿದ್ದಾರೆ, ನಾನು ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ. ಗಿರಣಿಗೆ ಬೆಲ್ಟ್ ತರಲು ನಾಳೆ ನಿಮ್ಮ ಕೊಟ್ಟೂರಿಗೆ ಬರುವವರಿದ್ದಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನೀನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಇದನ್ನು ಓದುತ್ತಿರುತ್ತೀಯ, ನನಗೆ ಗೊತ್ತು. ಸಾಕು, ಒಳಗೆ ಕರೆಯೇ!