ಪಾಳಿ ಬದಲಿಸಿದ ಮೀಸೆಗೆ

ಮೀಸೆ,

ನೀನು ಹೇಳದೆ ಕೇಳದೆ ರಾತ್ರಿಪಾಳಿಗೆ ಹೋದಾಗ, ಇಷ್ಟು ವರ್ಷ ಪಕ್ಕದ ಲೇತಿನಲ್ಲಿದ್ದ ನನ್ನ ಮೇಲೆ ಏನೋ ಮುನಿಸು ಎಂದುಕೊಂಡಿದ್ದೆ. ಇವತ್ತು ಸಿಗರೇಟು ಬಿಡಿಸುವ ಆಸ್ಪತ್ರೆಗೆ ಹೋಗಿದ್ದೆ.

"ಯಾರ ಜೊತೆ ಸೇದ್ತೀರಿ ಅಣ್ಣಾ?" ಎಂದಳು ನರ್ಸ್.

"ಈಗ ಒಬ್ಬನೇ, ತಾಯಿ."

"ಹಾಗಾದ್ರೆ ಸುಲಭ. ಜೊತೆಗಾರ ಇದ್ದಿದ್ರೆ, ಎಷ್ಟೇ ಜೀವದ ಗೆಳೆಯ ಆದ್ರೂ ಅವನ ಕಣ್ಣಿಗೆ ಬೀಳಬೇಡಿ ಅಂತಿದ್ದೆ. ಹೇಳಿ ಬರೋಣ ಅಂತ ಹೋದ್ರೂ ಒಂದು ಹಚ್ಚೇ ಬರ್ತೀರಿ!"

ನಾನು ನಕ್ಕೆ. ಶೆಡ್ಡಿನ ಹಿಂದೆ ಒಂದೇ ಕಡ್ಡಿಯಲ್ಲಿ ಇಬ್ಬರೂ ಹಚ್ಚಿಕೊಳ್ಳುವಾಗ ಗಾಳಿಗೆ ಅಡ್ಡ ಹಿಡಿಯುತ್ತಿದ್ದ ನಿನ್ನ ಅಂಗೈ ನೆನಪಾಯಿತು.

ರಾತ್ರಿಪಾಳಿಯವರು ಹೇಳಿದರು, ನೀನು ಸಿಗರೇಟು ಬಿಟ್ಟೇಬಿಟ್ಟೆಯಂತೆ. ಕೇಳಿ ಹೊಟ್ಟೆ ತಣ್ಣಗಾಯಿತು. ನಾನೂ ಪೂರ್ತಿ ಬಿಟ್ಟ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ಈ ಕಾಗದವನ್ನೂ ಕಳಿಸುವುದಿಲ್ಲ. ಇದಕ್ಕೂ ಹೊಗೆಯ ವಾಸನೆ ಹತ್ತಿದೆ.